ಹಳದಿ ದೀಪ ಹತ್ತಿದರೆ ಸೆನ್ಸರಿನದೇ ತಪ್ಪೇ?

ಕಾರಿನ ಆಕ್ಸಿಜನ್ ಸೆನ್ಸರನ್ನು ಮನೆಯ ಅಂಗಳದಲ್ಲೇ ಬದಲಾಯಿಸಬಹುದು. ಕೆಲಸ ಇಷ್ಟೇ: ಒಂದು ಕಪ್ಲರ್ ಬಿಚ್ಚುವುದು, 22 ನಂಬರಿನ ಪಾನಾ ಹಾಕಿ ಹಳೆಯದನ್ನು ತಿರುಗಿಸಿ ತೆಗೆಯುವುದು, ಹೊಸದನ್ನು ಕೂರಿಸುವುದು. ಬೈಕಿನ ಸ್ಪಾರ್ಕ್ ಪ್ಲಗ್ ಬಿಚ್ಚಿ ಹಾಕಿ ರೂಢಿಯಿದ್ದವರ ಕೈಗೆ ಇದೇನೂ ದೊಡ್ಡದಲ್ಲ. ಕಷ್ಟ ಇರುವುದು ಪಾನಾ ಹಿಡಿಯುವುದಕ್ಕೂ ಮೊದಲು. ಮೀಟರ್ ಬೋರ್ಡಿನಲ್ಲಿ ಚೆಕ್ ಇಂಜಿನ್ ದೀಪ ಹತ್ತಿತು, ಗ್ಯಾರೇಜಿನಲ್ಲಿ ಸ್ಕ್ಯಾನರ್ ಹಾಕಿದರು, ಪರದೆಯಲ್ಲಿ ಆಕ್ಸಿಜನ್ ಸೆನ್ಸರಿನ ಹೆಸರು ಬಂತು, ಹೊಸದು ತಂದು ಹಾಕಿದ್ದಾಯಿತು, ದುಡ್ಡೂ ಕೊಟ್ಟಾಯಿತು. ವಾರದೊಳಗೆ ದೀಪ ಮತ್ತೆ ಹತ್ತಿತು. ಕಾರು ಇಟ್ಟುಕೊಂಡವರಲ್ಲಿ ಈ ಅನುಭವ ಆಗದವರು ಕಡಿಮೆ. ಸುದ್ದಿ ತಂದವನನ್ನೇ ಹಿಡಿದು ಹೊಡೆದ ಹಾಗಾಯಿತು ಇದು. ಸೆನ್ಸರ್ ಹೇಳುತ್ತಿರುವುದು ನಿಜವೇ, ಇಲ್ಲ ಅದೇ ಕೆಟ್ಟು ಸುಳ್ಳು ಹೇಳುತ್ತಿದೆಯೇ ಎಂದು ತೀರ್ಮಾನಿಸುವುದೇ ಈ ರಿಪೇರಿಯ ದೊಡ್ಡ ಪಾಲು. ಪಾನಾ ಕೆಲಸ ಆಮೇಲಿನದು.

ಅದರ ಕೆಲಸ ಏನು?

ಇಂಜಿನ್ನಿನಿಂದ ಹೊಗೆ ಹೊರಬರುವ ಕೊಳವೆಗೆ ಬೆರಳುದ್ದದ ಒಂದು ಲೋಹದ ತುಂಡು ತಿರುಪಿ ಕೂತಿರುತ್ತದೆ. ಹಿಂಬದಿಯಿಂದ ನಾಲ್ಕು ವೈರು ಹೊರಟಿರುತ್ತವೆ. ಹೊಗೆಯಲ್ಲಿ ಉರಿಯದೆ ಉಳಿದ ಆಮ್ಲಜನಕ ಎಷ್ಟಿದೆ ಎಂದು ನೋಡಿ ಇಂಜಿನ್ನಿನ ಕಂಪ್ಯೂಟರಿಗೆ, ಅಂದರೆ ಇಸಿಯುಗೆ, ತಿಳಿಸುವುದು ಅದರ ಕೆಲಸ. ಒಂದು ಗ್ರಾಂ ಪೆಟ್ರೋಲ್ ಪೂರ್ತಿಯಾಗಿ ಉರಿಯಲು ಸುಮಾರು 14.7 ಗ್ರಾಂ ಗಾಳಿ ಬೇಕು. ಗಾಳಿ ಹೆಚ್ಚಾದರೆ ಮಿಶ್ರಣ ತೆಳು, ಪೆಟ್ರೋಲ್ ಹೆಚ್ಚಾದರೆ ಮಿಶ್ರಣ ದಪ್ಪ. ಗ್ಯಾರೇಜಿನ ಮಾತಿನಲ್ಲಿ ಲೀನ್ ಮತ್ತು ರಿಚ್. ಸೆನ್ಸರ್ ವರದಿ ನೋಡಿಕೊಂಡು ಇಸಿಯು ಇಂಜೆಕ್ಟರ್ ತೆರೆದಿರುವ ಅವಧಿಯನ್ನು ಮಿಲಿಸೆಕೆಂಡುಗಳ ಲೆಕ್ಕದಲ್ಲಿ ಹೆಚ್ಚುಕಮ್ಮಿ ಮಾಡುತ್ತದೆ. ಇಂಜಿನ್ ಬಿಸಿಯಾಗಿ ಒಂದೇ ಹದದಲ್ಲಿ ಓಡುತ್ತಿರುವಷ್ಟು ಹೊತ್ತೂ ಈ ತಿದ್ದುಪಡಿ ನಡೆದೇ ಇರುತ್ತದೆ.

ಸೆನ್ಸರಿನ ಜೀವ ಇರುವುದು ಜಿರ್ಕೋನಿಯಾ ಎಂಬ ಪಿಂಗಾಣಿಯಲ್ಲಿ. ಅದರ ಎರಡೂ ಮೈಗೆ ಪ್ಲಾಟಿನಂನ ತೆಳು ಲೇಪವಿದೆ. ಒಂದು ಮೈ ಹೊಗೆಗೆ ಒಡ್ಡಿಕೊಂಡಿದ್ದರೆ ಇನ್ನೊಂದಕ್ಕೆ ಹೊರಗಿನ ಗಾಳಿ ತಗಲುತ್ತಿರುತ್ತದೆ. ಸುಮಾರು 300 ಡಿಗ್ರಿ ಸೆಲ್ಸಿಯಸ್ ದಾಟಿದ ಮೇಲೆ ಈ ಪಿಂಗಾಣಿ ಆಮ್ಲಜನಕದ ಅಯಾನುಗಳನ್ನು ತನ್ನೊಳಗೆ ಹಾಯಲು ಬಿಡುತ್ತದೆ. ಎರಡು ಬದಿಯ ಆಮ್ಲಜನಕದಲ್ಲಿ ವ್ಯತ್ಯಾಸ ಹೆಚ್ಚಿದ್ದಷ್ಟೂ ವೋಲ್ಟೇಜ್ ಹೆಚ್ಚು. ಮಿಶ್ರಣ ರಿಚ್ ಇದ್ದಾಗ ಸುಮಾರು 0.9 ವೋಲ್ಟ್, ಲೀನ್ ಇದ್ದಾಗ 0.1 ವೋಲ್ಟ್, ಸರಿಯಾದ ಹದದಲ್ಲಿ 0.45ರ ಆಸುಪಾಸು. ಈ ವೋಲ್ಟೇಜಿನ ಹಿಂದಿರುವ ಸೂತ್ರ ಜರ್ಮನಿಯ ವಿಜ್ಞಾನಿ ವಾಲ್ಟರ್ ನೆರ್ನ್ಸ್ಟ್ ಅವರದು. 1920ರ ರಸಾಯನಶಾಸ್ತ್ರದ ನೊಬೆಲ್ ಪ್ರಶಸ್ತಿ ಪಡೆದವರು ಅವರೇ. ನಾಲ್ಕು ವೈರುಗಳಲ್ಲಿ ಎರಡು ಮಾತ್ರ ಸಂಕೇತ ಒಯ್ಯುತ್ತವೆ. ಉಳಿದೆರಡು, ಸಾಮಾನ್ಯವಾಗಿ ಒಂದೇ ಬಣ್ಣದವು, ಒಳಗಿನ ಪುಟ್ಟ ಹೀಟರಿಗೆ. ತಣ್ಣಗಿರುವ ಸೆನ್ಸರ್ ಏನನ್ನೂ ಹೇಳದು. ಗಾಡಿ ಸ್ಟಾರ್ಟ್ ಆದ ಕೂಡಲೇ ಅದನ್ನು ಬಿಸಿ ಮಾಡಲು ಈ ಹೀಟರ್.

ಕಾರಿಗೆ ಇದು ಮೊದಲು ಬಂದದ್ದು 1976ರಲ್ಲಿ. ಬಾಷ್ ಕಂಪನಿ ತಯಾರಿಸಿದ ಲ್ಯಾಂಬ್ಡಾ ಸೆನ್ಸರನ್ನು ಸ್ವೀಡನ್ನಿನ ವೋಲ್ವೊ ತನ್ನ 240 ಸರಣಿಯ ಕಾರುಗಳಲ್ಲಿ ಅಮೆರಿಕದ ಮಾರುಕಟ್ಟೆಗೆಂದು ಅಳವಡಿಸಿತು. ಕ್ಯಾಲಿಫೋರ್ನಿಯಾದ ಬಿಗಿ ಹೊಗೆ ನಿಯಮಗಳೇ ಅದಕ್ಕೆ ಕಾರಣ. ಬಾಷ್ ಎಂದರೆ ಬೆಂಗಳೂರಿನವರಿಗೆ ಪರಕೀಯ ಹೆಸರಲ್ಲ. ಆಡುಗೋಡಿಯ ಮೈಕೊ, ಅಂದರೆ 1951ರಲ್ಲಿ ಶುರುವಾದ ಮೋಟರ್ ಇಂಡಸ್ಟ್ರೀಸ್ ಕಂಪನಿ, 2008ರಲ್ಲಿ ಬಾಷ್ ಲಿಮಿಟೆಡ್ ಎಂದು ಹೆಸರು ಬದಲಿಸಿಕೊಂಡಿತು. ಹಳೆ ಹೆಸರು ಮೈಕೊ ಲೇಔಟಿನಲ್ಲಿ ಉಳಿದುಕೊಂಡಿದೆ.

ಹೊಗೆಯಲ್ಲಿನ ಕಾರ್ಬನ್ ಮೋನಾಕ್ಸೈಡ್, ಉರಿಯದ ಹೈಡ್ರೋಕಾರ್ಬನ್, ನೈಟ್ರೋಜನ್ ಆಕ್ಸೈಡ್ ಈ ಮೂರನ್ನೂ ಒಟ್ಟಿಗೆ ಇಳಿಸುವ ಕ್ಯಾಟಲಿಟಿಕ್ ಕನ್ವರ್ಟರ್ ತನ್ನ ಕೆಲಸ ಮಾಡುವುದು ಮಿಶ್ರಣ 14.7ರ ತೀರಾ ಹತ್ತಿರ ಇದ್ದಾಗ ಮಾತ್ರ. ಆ ಹದ ಕಾಯುವುದು ಸೆನ್ಸರ್. ಎರಡಕ್ಕೂ ಸಾಮಾನ್ಯ ಶತ್ರು ಸೀಸ. ನಮ್ಮ ದೇಶದಲ್ಲಿ 1995ರಲ್ಲಿ ನಾಲ್ಕು ಮಹಾನಗರಗಳಲ್ಲಿ ಹೊಸ ಪೆಟ್ರೋಲ್ ಕಾರುಗಳಿಗೆ ಕನ್ವರ್ಟರ್ ಕಡ್ಡಾಯವಾದಾಗ ಸೀಸರಹಿತ ಪೆಟ್ರೋಲನ್ನೂ ಜೊತೆಯಲ್ಲೇ ತರಬೇಕಾಯಿತು. 2000ದ ಹೊತ್ತಿಗೆ ಸೀಸದ ಪೆಟ್ರೋಲ್ ದೇಶದ ಬಂಕುಗಳಿಂದಲೇ ಮಾಯವಾಯಿತು. ಆಮೇಲೆ ಭಾರತ್ ಸ್ಟೇಜ್ ನಿಯಮಗಳು ಬಿಗಿಯಾಗುತ್ತ ಬಂದವು. 2013ರ ಏಪ್ರಿಲ್‌ನಿಂದ ಎರಡನೇ ಹಂತದ ಒಬಿಡಿ, ಅಂದರೆ ಕಾರು ತನ್ನನ್ನು ತಾನೇ ತಪಾಸಣೆ ಮಾಡಿಕೊಳ್ಳುವ ವ್ಯವಸ್ಥೆ, ಕಡ್ಡಾಯವಾಯಿತು. ಅಲ್ಲಿಂದೀಚಿನ ಪೆಟ್ರೋಲ್ ಕಾರುಗಳಲ್ಲಿ ಸಾಮಾನ್ಯವಾಗಿ ಎರಡು ಸೆನ್ಸರ್ ಇರುತ್ತವೆ. ಒಂದು ಕನ್ವರ್ಟರಿಗಿಂತ ಮುಂದೆ, ಇನ್ನೊಂದು ಅದರ ಹಿಂದೆ. ಪೆಟ್ರೋಲ್ ಅಳತೆ ತಿದ್ದುವುದು ಮುಂದಿನದರ ಹೊಣೆ. ಹಿಂದಿನದು ಮುಖ್ಯವಾಗಿ ಕನ್ವರ್ಟರ್ ಕೆಲಸ ಮಾಡುತ್ತಿದೆಯೇ ಎಂದು ಕಾವಲು ಕಾಯುತ್ತದೆ. ಈ ಭೇದ ನೆನಪಿರಲಿ, ಮುಂದೆ ಬೇಕಾಗುತ್ತದೆ.

ಕೋಡ್ ಹೇಳುವುದು ಎಷ್ಟು?

ಸ್ಟೀರಿಂಗ್ ಕೆಳಗೆ, ಕಾಲಿನ ಹತ್ತಿರ, 16 ಪಿನ್ನಿನ ಒಂದು ಸಾಕೆಟ್ ಇರುತ್ತದೆ. ಅದಕ್ಕೆ ಚುಚ್ಚುವ ಬ್ಲೂಟೂತ್ ಸ್ಕ್ಯಾನರ್ ಈಗ ಆನ್‌ಲೈನಿನಲ್ಲಿ ಅಗ್ಗಕ್ಕೆ ಸಿಗುತ್ತದೆ. ಮೊಬೈಲಿನಲ್ಲಿ ಒಂದು ಆ್ಯಪ್ ಹಾಕಿಕೊಂಡರೆ ಸಾಕು. ಮನೆಯಲ್ಲಿ ರಿಪೇರಿ ಮಾಡುವ ಆಸೆಯಿದ್ದವರು ಪಾನಾ ಸೆಟ್ಟಿಗಿಂತ ಮೊದಲು ಕೊಳ್ಳಬೇಕಾದ ಸಾಮಾನು ಇದು. ದೀಪ ಹತ್ತಿದಾಗ ಬಂದ ಕೋಡನ್ನು ಅಳಿಸುವ ಮೊದಲು ಬರೆದಿಟ್ಟುಕೊಳ್ಳಿ. ಅಳಿಸಿದರೆ ಆ ಹೊತ್ತಿನಲ್ಲಿ ಇಂಜಿನ್ ಯಾವ ಸ್ಥಿತಿಯಲ್ಲಿತ್ತು ಎಂಬ ದಾಖಲೆಯೂ ಹೋಗುತ್ತದೆ.

ದೀಪ ಸುಮ್ಮನೆ ಹತ್ತಿ ನಿಂತಿದ್ದರೆ ಗಾಬರಿ ಬೇಡ, ನಿಧಾನವಾಗಿ ಓಡಿಸಿಕೊಂಡು ಮನೆ ಸೇರಬಹುದು. ದೀಪ ಮಿನುಗುತ್ತಿದ್ದರೆ ಮಾತು ಬೇರೆ. ಯಾವುದೋ ಸಿಲಿಂಡರ್ ಮಿಸ್ ಹೊಡೆಯುತ್ತಿದೆ, ಉರಿಯದ ಪೆಟ್ರೋಲ್ ಕನ್ವರ್ಟರಿಗೆ ಹೋಗಿ ಅಲ್ಲಿ ಉರಿಯುತ್ತಿದೆ ಎಂದರ್ಥ. ಹಾಗೇ ಓಡಿಸಿದರೆ ಕನ್ವರ್ಟರ್ ಒಳಗೇ ಕರಗಿಹೋಗಬಹುದು. ಪಕ್ಕಕ್ಕೆ ಹಾಕಿ ನಿಲ್ಲಿಸುವುದೇ ಜಾಣತನ.

ಪಿ0130ರಿಂದ ಪಿ0135ರವರೆಗಿನ ಕೋಡುಗಳು ಮುಂದಿನ ಸೆನ್ಸರಿಗೆ ಸೇರಿದವು. ಪಿ0136ರಿಂದ ಪಿ0141 ಹಿಂದಿನದಕ್ಕೆ. ನಮ್ಮಲ್ಲಿ ಓಡಾಡುವ ಬಹುಪಾಲು ಕಾರುಗಳು ಮೂರು ಅಥವಾ ನಾಲ್ಕು ಸಿಲಿಂಡರಿನವು. ಅವುಗಳಲ್ಲಿ ಬ್ಯಾಂಕ್, ಅಂದರೆ ಸಿಲಿಂಡರುಗಳ ಸಾಲು, ಒಂದೇ. ಸಾಲಾಗಿ ಎರಡು ಬದಿ ಸಿಲಿಂಡರ್ ಇರುವ ವಿ6ನಂಥ ಇಂಜಿನ್ನಿನಲ್ಲಿ ಮಾತ್ರ ಬ್ಯಾಂಕ್ 2ರ ಪ್ರಶ್ನೆ ಏಳುತ್ತದೆ. ಈ ಕೋಡುಗಳಲ್ಲಿ ಸೆನ್ಸರಿನ ಮೇಲೆ ನೇರವಾಗಿ ಬೆರಳು ಮಾಡುವವು ಪಿ0135 ಮತ್ತು ಪಿ0141. ಎರಡೂ ಹೀಟರಿಗೆ ಸಂಬಂಧಪಟ್ಟವು. ಆಗಲೂ ಮೊದಲು ಫ್ಯೂಸ್ ನೋಡಿ. ಹತ್ತಿಪ್ಪತ್ತು ರೂಪಾಯಿಯ ಫ್ಯೂಸ್ ಹೋಗಿದ್ದಕ್ಕೆ ಸಾವಿರಾರು ರೂಪಾಯಿಯ ಸೆನ್ಸರ್ ತರಬಾರದು. ಫ್ಯೂಸ್ ಸರಿಯಿದ್ದರೆ ಕಪ್ಲರ್ ಬಿಚ್ಚಿ, ಸೆನ್ಸರಿನ ಕಡೆಯ ಒಂದೇ ಬಣ್ಣದ ಎರಡು ವೈರುಗಳ ನಡುವೆ ಮಲ್ಟಿಮೀಟರ್ ಹಿಡಿಯಿರಿ. ತಣ್ಣಗಿರುವ ಹೀಟರ್ ಕೆಲವು ಓಮ್‌ನಿಂದ ಹದಿನೈದು ಓಮ್‌ ಆಸುಪಾಸಿನವರೆಗೆ ತೋರಿಸಬೇಕು. ಮೀಟರ್ ಏನನ್ನೂ ತೋರಿಸದಿದ್ದರೆ ಹೀಟರ್ ತಂತಿ ಕಡಿದಿದೆ, ಸೆನ್ಸರ್ ಸತ್ತಿದೆ. ಇಷ್ಟು ಖಚಿತವಾದ ತೀರ್ಪು ಬೇರೆ ಯಾವ ಪರೀಕ್ಷೆಯಲ್ಲೂ ಸಿಗದು.

ಪಿ0171 ಬಂದರೆ ಅದು ಮಿಶ್ರಣ ಲೀನ್ ಆಗಿದೆ ಎನ್ನುವ ದೂರು, ಪಿ0172 ರಿಚ್ ಎನ್ನುವ ದೂರು. ಇಲ್ಲಿ ಸೆನ್ಸರ್ ಸಾಕ್ಷಿ ಮಾತ್ರ. ಅದನ್ನು ಬದಲಾಯಿಸಿದರೆ ಹೊಸದೂ ಅದೇ ಸಾಕ್ಷಿ ಹೇಳುತ್ತದೆ. ಇಂಟೇಕ್ ಕಡೆಯ ರಬ್ಬರ್ ಪೈಪ್ ಸೀಳಿ ಗಾಳಿ ನುಗ್ಗುತ್ತಿರಬಹುದು, ಫ್ಯುಯೆಲ್ ಪಂಪ್ ಸೋತಿರಬಹುದು, ಏರ್ ಫಿಲ್ಟರ್ ಕಟ್ಟಿರಬಹುದು, ಇಂಜೆಕ್ಟರ್ ಸೋರುತ್ತಿರಬಹುದು. ಹಾಗೆಯೇ ಪಿ0420. ಕನ್ವರ್ಟರಿನ ಕೆಲಸ ಸಾಲದು ಎಂದು ಅದರ ಅರ್ಥ. ಇದಕ್ಕೆ ಹಿಂದಿನ ಸೆನ್ಸರನ್ನು ಬದಲಿಸಿ ದುಡ್ಡು ಕಳೆದುಕೊಂಡವರು ಊರೂರಲ್ಲೂ ಇದ್ದಾರೆ.

ಕೋಡಿಗಿಂತ ಹೆಚ್ಚು ನಂಬಬೇಕಾದದ್ದು ಇಂಜಿನ್ ಓಡುತ್ತಿರುವಾಗ ಆ್ಯಪಿನಲ್ಲಿ ಕಾಣುವ ಅಂಕಿಗಳನ್ನು. ಇಂಜಿನ್ ಪೂರ್ತಿ ಬಿಸಿಯಾದ ಮೇಲೆ ಮುಂದಿನ ಸೆನ್ಸರಿನ ವೋಲ್ಟೇಜ್ 0.1ರಿಂದ 0.9ರ ನಡುವೆ ಬಿಡದೆ ಏರಿಳಿಯುತ್ತಿರಬೇಕು. ಹಿಂದಿನದು 0.6, 0.7ರ ಹತ್ತಿರ ಬಹುಮಟ್ಟಿಗೆ ಸ್ಥಿರವಾಗಿರಬೇಕು. ಹಿಂದಿನದೂ ಮುಂದಿನದರ ಹಾಗೆಯೇ ಕುಣಿಯುತ್ತಿದ್ದರೆ ಕನ್ವರ್ಟರ್ ಸೋತಿದೆ. ಮುಂದಿನದು ಒಂದೇ ಕಡೆ ಅಂಟಿಕೊಂಡಿದ್ದರೆ ಆಕ್ಸಿಲರೇಟರನ್ನು ಒಮ್ಮೆ ಜೋರಾಗಿ ಒತ್ತಿ ಬಿಡಿ. ಒತ್ತಿದಾಗ ವೋಲ್ಟೇಜ್ ಮೇಲಕ್ಕೆ ಹಾರಿ, ಬಿಟ್ಟಾಗ ಸೊನ್ನೆಯ ಹತ್ತಿರಕ್ಕೆ ಬಿದ್ದರೆ ಸೆನ್ಸರ್ ಬದುಕಿದೆ, ದೋಷ ಬೇರೆ ಕಡೆಗಿದೆ. ಏನು ಮಾಡಿದರೂ ಕದಲದಿದ್ದರೆ, ಅಥವಾ ಎದ್ದು ಬೀಳಲು ಸೋಮಾರಿತನ ಮಾಡಿದರೆ, ಆಗ ಸೆನ್ಸರಿನ ಮೇಲೆ ಅನುಮಾನ ಪಡಬಹುದು. ಒಂದು ಎಚ್ಚರ: ಇತ್ತೀಚಿನ ಕೆಲವು ಕಾರುಗಳಲ್ಲಿ ಮುಂದಿನ ಸೆನ್ಸರ್ ವೈಡ್‌ಬ್ಯಾಂಡ್ ಜಾತಿಯದು, ಸಾಮಾನ್ಯವಾಗಿ ಐದು ವೈರಿನದು. ಅದು ಹೀಗೆ ಕುಣಿಯುವುದಿಲ್ಲ. ಕುಣಿಯಲಿಲ್ಲವೆಂದು ಅದನ್ನು ಕಿತ್ತು ಬಿಸಾಡಬೇಡಿ.

ಫ್ಯುಯೆಲ್ ಟ್ರಿಮ್ ಎಂಬ ಅಂಕಿಯನ್ನೂ ನೋಡಿ. ಇಸಿಯು ತನ್ನ ಮೂಲ ಲೆಕ್ಕಕ್ಕಿಂತ ಶೇಕಡಾ ಎಷ್ಟು ಪೆಟ್ರೋಲ್ ಹೆಚ್ಚು ಅಥವಾ ಕಡಿಮೆ ಕೊಡುತ್ತಿದೆ ಎಂಬುದು ಅದು. ಶೇ 10ರ ಒಳಗೆ ಆಚೀಚೆಯಾದರೆ ಚಿಂತೆ ಬೇಡ. ಐಡಲಿನಲ್ಲಿ ಬಹಳ ಪ್ಲಸ್ ಇದ್ದು, 2500 ಆರ್‌ಪಿಎಂಗೆ ಏರಿಸಿದಾಗ ಇಳಿದರೆ ಎಲ್ಲೋ ಗಾಳಿ ನುಗ್ಗುತ್ತಿದೆ. ಆರ್‌ಪಿಎಂ ಜೊತೆ ಟ್ರಿಮ್ ಕೂಡ ಏರುತ್ತ ಹೋದರೆ ಪೆಟ್ರೋಲ್ ಪೂರೈಕೆಯೇ ಸಾಲುತ್ತಿಲ್ಲ. ಸೆನ್ಸರಿಗೆ ಮುಂಚೆ ಸೈಲೆನ್ಸರ್ ಪೈಪಿನಲ್ಲಿ ಬಿರುಕಿದ್ದರೂ ಹೊರಗಿನ ಗಾಳಿ ಒಳಗೆ ಎಳೆದುಕೊಂಡು ಸೆನ್ಸರ್ ಮೋಸಹೋಗುತ್ತದೆ. ಲೀನ್ ಎಂದುಕೊಂಡು ಇಸಿಯು ಪೆಟ್ರೋಲ್ ಸುರಿಯುತ್ತದೆ, ಮೈಲೇಜ್ ಬೀಳುತ್ತದೆ.

ಟ್ರಿಮ್ ನೋಡುವಾಗ ಎಥನಾಲ್ ಲೆಕ್ಕವನ್ನೂ ಹಿಡಿಯಬೇಕು. ಶೇ 20 ಎಥನಾಲ್ ಬೆರೆತ ಇ20 ಪೆಟ್ರೋಲಿಗೆ ಪ್ರಧಾನಿ ಚಾಲನೆ ಕೊಟ್ಟದ್ದು 2023ರ ಫೆಬ್ರುವರಿಯಲ್ಲಿ ಬೆಂಗಳೂರಿನಲ್ಲೇ. 2025ರ ಹೊತ್ತಿಗೆ ದೇಶದ ಪೆಟ್ರೋಲಿನಲ್ಲಿ ಎಥನಾಲ್ ಪಾಲು ಶೇ 20 ಮುಟ್ಟಿತು. ಎಥನಾಲಿನಲ್ಲೇ ಆಮ್ಲಜನಕ ಇರುವುದರಿಂದ ಅದು ಉರಿಯಲು ಬೇಕಾದ ಗಾಳಿ ಕಡಿಮೆ, ತೂಕದಲ್ಲಿ ಒಂಬತ್ತು ಪಟ್ಟು ಮಾತ್ರ. ಇ20ಗೆ ಲೆಕ್ಕ ಹಾಕಿದರೆ 14.7 ಇಳಿದು 13.5ರ ಹತ್ತಿರ ಬರುತ್ತದೆ. ಹಳೆಯ ಇಂಧನಕ್ಕೆ ಹೊಂದಿಸಿದ ಕಾರಿನಲ್ಲಿ ಸೆನ್ಸರ್ ಈ ವ್ಯತ್ಯಾಸವನ್ನು ಹಿಡಿದು ಹೇಳುತ್ತದೆ, ಇಸಿಯು ಅಷ್ಟು ಪೆಟ್ರೋಲ್ ಜಾಸ್ತಿ ಕೊಡುತ್ತದೆ. ಆದ್ದರಿಂದ ಅಂಥ ಕಾರಿನ ಟ್ರಿಮ್ ಶೇ 4ರಿಂದ 8ರಷ್ಟು ಪ್ಲಸ್ ಕಂಡರೆ ಅದು ರೋಗವಲ್ಲ, ಸೆನ್ಸರ್ ಸರಿಯಾಗಿ ಕೆಲಸ ಮಾಡುತ್ತಿದೆ ಎಂಬುದಕ್ಕೆ ಪುರಾವೆ.

ಕೊನೆಗೆ ಬಾನೆಟ್ ತೆರೆದು ವೈರುಗಳ ಮೇಲೆ ಕಣ್ಣಾಡಿಸಿ. ವಾರಗಟ್ಟಲೆ ನಿಂತ ಕಾರಿನಲ್ಲಿ ಇಲಿ, ಹೆಗ್ಗಣ ವೈರ್ ಕಡಿದಿರುತ್ತವೆ. ವೈರ್ ಜಾರಿ ಸೈಲೆನ್ಸರಿಗೆ ತಗುಲಿ ಸುಟ್ಟಿರುತ್ತದೆ. ಕರಾವಳಿಯ ಉಪ್ಪುಗಾಳಿಗೆ ಕಪ್ಲರಿನ ಪಿನ್ನುಗಳು ಹಸಿರುಗಟ್ಟಿರುತ್ತವೆ. ಇವುಗಳಿಗೂ ಸ್ಕ್ಯಾನರ್ ತೋರಿಸುವುದು ಸೆನ್ಸರಿನ ಹೆಸರನ್ನೇ.

ಯಾಕೆ ಸಾಯುತ್ತದೆ?

ಹೀಟರ್ ಇರುವ ಸೆನ್ಸರ್ ಸಾಧಾರಣವಾಗಿ ಒಂದರಿಂದ ಒಂದೂವರೆ ಲಕ್ಷ ಕಿಲೋಮೀಟರ್ ಬಾಳುತ್ತದೆ. ಅದಕ್ಕಿಂತ ಬಹಳ ಮೊದಲೇ ಸತ್ತರೆ ಯಾರೋ ಕೊಂದಿದ್ದಾರೆ ಎಂದೇ ಅರ್ಥ. ಇಂಜಿನ್ ಆಯಿಲ್ ಕುಡಿಯುತ್ತಿದ್ದರೆ ಅದರಲ್ಲಿನ ರಂಜಕ ಸೆನ್ಸರಿನ ಮೈಗೆ ಮೆತ್ತಿಕೊಳ್ಳುತ್ತದೆ. ಹೆಡ್ ಗ್ಯಾಸ್ಕೆಟ್ ಹೋಗಿ ಕೂಲೆಂಟ್ ಸಿಲಿಂಡರಿಗೆ ಇಳಿದರೂ ವಿಷ. ಗ್ಯಾಸ್ಕೆಟ್ ಅಂಟಿಸಲು ಸಾಮಾನ್ಯ ಸಿಲಿಕೋನ್ ಪೇಸ್ಟ್ ಬಳಿದರೆ ಅದರ ಆವಿಯೂ ವಿಷ. ಸೆನ್ಸರಿಗೆ ಹಾನಿಯಿಲ್ಲ ಎಂದು ಟ್ಯೂಬಿನ ಮೇಲೆ ನಮೂದಿಸಿದ್ದನ್ನೇ ಬಳಸಬೇಕು. ಮಳೆಗಾಲದಲ್ಲಿ ನೀರು ತುಂಬಿದ ಅಂಡರ್‌ಪಾಸಿಗೆ ಕಾರು ಇಳಿಸುವವರು ಇನ್ನೊಂದನ್ನು ತಿಳಿದಿರಬೇಕು. ನೂರಾರು ಡಿಗ್ರಿ ಕಾದ ಪಿಂಗಾಣಿಗೆ ತಣ್ಣೀರು ತಗುಲಿದರೆ ಅದು ಸೀಳುತ್ತದೆ.

ಮೂಲ ರೋಗ ವಾಸಿಯಾಗದೆ ಹೊಸ ಸೆನ್ಸರ್ ಹಾಕಿದರೆ ಅದೂ ಅದೇ ದಾರಿ ಹಿಡಿಯುತ್ತದೆ. ಹಳೆಯದನ್ನು ಬಿಚ್ಚಿದ ಮೇಲೆ ಅದರ ತುದಿ ನೋಡುವುದು ಇದಕ್ಕಾಗಿ. ಒಣ ಕಪ್ಪು ಮಸಿ ಇದ್ದರೆ ಪೆಟ್ರೋಲ್ ಹೆಚ್ಚು ಹೋಗುತ್ತಿತ್ತು. ಬಿಳಿ ಪುಡಿ ಕೂತಿದ್ದರೆ ಕೂಲೆಂಟ್ ಅಥವಾ ಸಿಲಿಕೋನ್. ಜಿಡ್ಡಾದ ಕಂದು ಪದರ ಇದ್ದರೆ ಆಯಿಲ್. ಬಿಚ್ಚಿದ ಸೆನ್ಸರಿನ ಫೋಟೊ ತೆಗೆದಿಟ್ಟುಕೊಂಡರೆ ಮುಂದೆ ಮೆಕ್ಯಾನಿಕ್ ಹತ್ತಿರ ಮಾತಾಡುವಾಗ ಉಪಯೋಗಕ್ಕೆ ಬರುತ್ತದೆ.

ಕೊಳ್ಳುವಾಗ

ಸೆನ್ಸರಿನ ಆರು ಮೂಲೆಯ ಭಾಗದ ಮೇಲೆ ಅಥವಾ ಕಪ್ಲರಿನ ಹತ್ತಿರ ಪಾರ್ಟ್ ನಂಬರ್ ಇರುತ್ತದೆ. ಬೆಂಗಳೂರಿನವರಾದರೆ ಜೆ.ಸಿ. ರಸ್ತೆಗೋ ಕಲಾಸಿಪಾಳ್ಯಕ್ಕೋ ಹೋಗುವ ಮೊದಲು, ಬೇರೆ ಊರಿನವರಾದರೆ ಆರ್ಡರ್ ಮಾಡುವ ಮೊದಲು, ಈ ನಂಬರ್ ಮತ್ತು ಕಾರಿನ ಚಾಸಿ ನಂಬರ್ ಎರಡೂ ಕೈಯಲ್ಲಿರಲಿ. ತ್ರೆಡ್ ಬಹುತೇಕ ಎಲ್ಲದರಲ್ಲೂ 18 ಮಿಲಿಮೀಟರಿನದೇ. ಹಾಗಾಗಿ ತಪ್ಪು ಸೆನ್ಸರ್ ಕೂಡ ಸಲೀಸಾಗಿ ಕೂರುತ್ತದೆ, ಕೂತ ಮಾತ್ರಕ್ಕೆ ಸರಿಯಲ್ಲ. ಹೀಟರಿನ ಅಳತೆ, ವೈರಿನ ಉದ್ದ, ಕಪ್ಲರಿನ ಆಕಾರ ಎಲ್ಲ ಹೊಂದಬೇಕು. ವೈರ್ ಕತ್ತರಿಸಿ ಹಳೆಯ ಕಪ್ಲರಿಗೆ ಜೋಡಿಸುವ ಯೂನಿವರ್ಸಲ್ ಸೆನ್ಸರ್ ಅಗ್ಗಕ್ಕೆ ಸಿಗುತ್ತದೆ. ಮನೆಯಲ್ಲಿ ಕೆಲಸ ಮಾಡುವವರಿಗೆ ಅದು ಬೇಡ. ಹಲವು ಸೆನ್ಸರುಗಳು ಹೋಲಿಕೆಗೆ ಬೇಕಾದ ಹೊರಗಾಳಿಯನ್ನು ವೈರಿನ ಎಳೆಗಳ ಸಂದಿನಿಂದಲೇ ಎಳೆದುಕೊಳ್ಳುತ್ತವೆ. ವೈರಿಗೆ ಬೆಸುಗೆ ಹಾಕಿದರೆ, ಕಪ್ಲರಿಗೆ ಗ್ರೀಸ್ ತುಂಬಿದರೆ ಆ ಉಸಿರು ಕಟ್ಟುತ್ತದೆ.

ಈಗ ಪಾನಾ

ಮುಂದಿನ ಸೆನ್ಸರ್ ಹಲವು ಸಣ್ಣ ಕಾರುಗಳಲ್ಲಿ ಬಾನೆಟ್ ತೆರೆದರೆ ಎಕ್ಸಾಸ್ಟ್ ಮ್ಯಾನಿಫೋಲ್ಡಿನ ಮೇಲೆ ಕಾಣುತ್ತದೆ. ಮೇಲೆ ತಗಡಿನ ಮುಚ್ಚಳ ಇದ್ದರೆ ಅದನ್ನು ತೆಗೆಯಬೇಕು. ಹಿಂದಿನದಕ್ಕೆ ಕಾರಿನ ಕೆಳಗೆ ಹೋಗಬೇಕಾಗಬಹುದು. ಹಾಗಿದ್ದರೆ ಸಮತಟ್ಟಾದ ಗಟ್ಟಿ ನೆಲ ಬೇಕು, ಹ್ಯಾಂಡ್‌ಬ್ರೇಕ್ ಹಾಕಿರಬೇಕು, ನೆಲದ ಮೇಲಿರುವ ಗಾಲಿಗಳಿಗೆ ಕಲ್ಲು ಕೊಟ್ಟಿರಬೇಕು, ಜಾಕ್ ಸ್ಟ್ಯಾಂಡ್ ಇಡಲೇಬೇಕು. ಕಾರಿನ ಜೊತೆ ಬರುವ ಜಾಕಿ ಟೈರ್ ಬದಲಾಯಿಸಲು ಮಾತ್ರ. ಅದರ ಭರವಸೆಯಲ್ಲಿ ಕಾರಿನಡಿ ಮೈ ಚಾಚಬಾರದು. ಸ್ಟ್ಯಾಂಡ್ ಇಲ್ಲದವರು ಹಿಂದಿನ ಸೆನ್ಸರ್ ಕೆಲಸವನ್ನು ಗ್ಯಾರೇಜಿಗೆ ಬಿಡುವುದೇ ಸರಿ. ಅಪಾರ್ಟ್‌ಮೆಂಟಿನ ಬೇಸ್‌ಮೆಂಟಿನಲ್ಲಿ ಇಂಜಿನ್ ಓಡಿಸಿಕೊಂಡು ಪರೀಕ್ಷೆ ಮಾಡುತ್ತ ಕೂರಬಾರದು. ಕಾರ್ಬನ್ ಮೋನಾಕ್ಸೈಡಿಗೆ ವಾಸನೆಯಿಲ್ಲ.

ಹಿಂದಿನ ರಾತ್ರಿಯೇ ಸೆನ್ಸರಿನ ಬುಡಕ್ಕೆ ತುಕ್ಕು ಬಿಡಿಸುವ ಎಣ್ಣೆ ಸಿಂಪಡಿಸಿಟ್ಟರೆ ಬೆಳಿಗ್ಗೆ ಅರ್ಧ ಕೆಲಸ ಆದಂತೆ. ಬೆಳಿಗ್ಗೆ ಇಂಜಿನ್ನನ್ನು ಕೆಲವು ನಿಮಿಷ ಓಡಿಸಿ ನಿಲ್ಲಿಸಿ. ಎಣ್ಣೆ ತಾಗಿದ ಜಾಗದಿಂದ ಸ್ವಲ್ಪ ಹೊಗೆ ಎದ್ದರೆ ಹೆದರಬೇಡಿ. ಕೈಗೆ ತಾಳುವಷ್ಟು ಬೆಚ್ಚಗಾಗುವವರೆಗೆ ಕಾಯಿರಿ. ಪೂರ್ತಿ ತಣ್ಣಗಾದರೆ ತ್ರೆಡ್ ಬಿಗಿ ಹಿಡಿಯುತ್ತದೆ, ಕಾದಿದ್ದರೆ ಕೈ ಸುಡುತ್ತದೆ. ಕೀ ತೆಗೆದು, 10 ನಂಬರ್ ಪಾನಾದಲ್ಲಿ ಬ್ಯಾಟರಿಯ ನೆಗೆಟಿವ್ ಬಿಚ್ಚಿ. ವೈರ್ ಯಾವ ದಾರಿಯಲ್ಲಿ ಹೋಗಿದೆ, ಕ್ಲಿಪ್ ಎಲ್ಲೆಲ್ಲಿ ಇದೆ ಎಂದು ಮೊಬೈಲಿನಲ್ಲಿ ಫೋಟೊ ತೆಗೆದುಕೊಳ್ಳಿ. ಕಪ್ಲರಿನ ಲಾಕ್ ಒತ್ತಿ ಹಿಡಿದು ಬಿಡಿಸಿ. ವೈರ್ ಹಿಡಿದು ಎಳೆಯಬೇಡಿ.

ವೈರ್ ಅಡ್ಡ ಬರುವುದರಿಂದ ಮಾಮೂಲಿ ಸಾಕೆಟ್ ಕೂರುವುದಿಲ್ಲ. ಪಕ್ಕದಲ್ಲಿ ಸೀಳಿರುವ ಆಕ್ಸಿಜನ್ ಸೆನ್ಸರ್ ಸಾಕೆಟ್ ಇದಕ್ಕೆಂದೇ ಸಿಗುತ್ತದೆ. ಬಾಯಿ ತೆರೆದ ಪಾನಾ ಮೂಲೆ ಸವೆಸುತ್ತದೆ. ಒಂದು ಉಪಾಯ ಇದೆ: ಹಳೆಯದು ಸತ್ತಿದ್ದು ಖಚಿತವಾಗಿದ್ದರೆ, ಸರಿಯಾದ ಹೊಸದು ಕೈಯಲ್ಲೇ ಇದ್ದರೆ, ಹಳೆಯದರ ವೈರ್ ಕತ್ತರಿಸಿ ರಿಂಗ್ ಪಾನಾ ಇಳಿಸಬಹುದು. ಹಿಡಿತ ಚೆನ್ನಾಗಿ ಬರುತ್ತದೆ. ಎಡಕ್ಕೆ ತಿರುಗಿಸಿ. ಮೊದಲ ಜಗ್ಗಿಗೇ ಬರದಿದ್ದರೆ ಪೈಪ್ ಹಾಕಿ ನೇತಾಡಬೇಡಿ. ಇನ್ನಷ್ಟು ಎಣ್ಣೆ ಬಿಡಿ, ಕಾಲು ಸುತ್ತು ಬಿಚ್ಚಿ, ಮತ್ತೆ ಸ್ವಲ್ಪ ಬಿಗಿ ಮಾಡಿ, ಮತ್ತೆ ಬಿಚ್ಚಿ. ಹೀಗೆ ಹಿಂದೆ ಮುಂದೆ ಆಡಿಸುತ್ತ ಹೊರತನ್ನಿ. ಅವಸರಪಟ್ಟರೆ ಸೆನ್ಸರಿನ ಜೊತೆ ಮ್ಯಾನಿಫೋಲ್ಡಿನ ತ್ರೆಡ್ಡೂ ಕಿತ್ತು ಬರುತ್ತದೆ. ಆಮೇಲೆ ಅದನ್ನು ಬಿಚ್ಚಿಕೊಂಡು ಲೇತ್ ಅಂಗಡಿಗೆ ಹೋಗಬೇಕಾದೀತು. ತ್ರೆಡ್ ಸ್ವಲ್ಪ ಮಾತ್ರ ಕೆಟ್ಟಿದ್ದರೆ 18 ಮಿಲಿಮೀಟರ್, 1.5 ಪಿಚ್ಚಿನ ಟ್ಯಾಪ್ ಓಡಿಸಿ ಸರಿಮಾಡಬಹುದು.

ಹೊಸದನ್ನು ಪೆಟ್ಟಿಗೆಯಿಂದ ತೆಗೆಯುವಾಗ ಕೈಜಾರದಿರಲಿ. ನೆಲಕ್ಕೆ ಬಿದ್ದ ಸೆನ್ಸರ್ ಹೊರಗಿಂದ ಚೆನ್ನಾಗಿ ಕಂಡರೂ ಒಳಗಿನ ಪಿಂಗಾಣಿ ಒಡೆದಿರಬಹುದು. ತುದಿಗೆ ಬೆರಳು ತಾಗಿಸಬೇಡಿ. ಹೊಸದರ ತ್ರೆಡ್ಡಿಗೆ ಹಿಡಿದುಕೊಳ್ಳದಂತೆ ಮಾಡುವ ಪೇಸ್ಟನ್ನು ಸಾಮಾನ್ಯವಾಗಿ ಕಂಪನಿಯೇ ಬಳಿದು ಕಳಿಸಿರುತ್ತದೆ. ಬಳಿದಿಲ್ಲದಿದ್ದರೆ ಸೆನ್ಸರಿಗೆಂದೇ ಇರುವ ಪೇಸ್ಟನ್ನು ತ್ರೆಡ್ಡಿಗೆ ಮಾತ್ರ ತೆಳುವಾಗಿ ಹಚ್ಚಿ, ತುದಿಗೆ ತಾಗಬಾರದು. ಮೊದಲ ಕೆಲವು ಸುತ್ತು ಬರಿಗೈಯಲ್ಲೇ ತಿರುಗಿಸಿ. ಕೈಯಲ್ಲಿ ಸಲೀಸಾಗಿ ಹೋಗದಿದ್ದರೆ ಓರೆಯಾಗಿ ಕೂತಿದೆ, ತೆಗೆದು ಮತ್ತೆ ಹಿಡಿಯಿರಿ. ಸೆನ್ಸರ್ ಪೂರ್ತಿ ಕೂತ ಮೇಲೆಯೇ ಕಪ್ಲರ್ ಚುಚ್ಚಬೇಕು. ಮೊದಲೇ ಚುಚ್ಚಿದರೆ ವೈರ್ ಹುರಿಗಟ್ಟಿ ಕಡಿಯುತ್ತದೆ. ಬಿಗಿ ಸುಮಾರು 40ರಿಂದ 50 ನ್ಯೂಟನ್ ಮೀಟರ್; ನಿಮ್ಮ ಕಾರಿನ ಮ್ಯಾನುಯಲ್ ಬೇರೆ ಹೇಳಿದರೆ ಅದೇ ಕೊನೆಯ ಮಾತು. ವೈರನ್ನು ಹಳೆಯ ದಾರಿಯಲ್ಲೇ ಒಯ್ದು, ಹಳೆಯ ಕ್ಲಿಪ್ಪುಗಳಿಗೇ ಸಿಕ್ಕಿಸಿ, ಸೈಲೆನ್ಸರಿಗೆ ತಾಗದಂತೆ ನೋಡಿ. ಬ್ಯಾಟರಿ ಜೋಡಿಸಿ ಸ್ಟಾರ್ಟ್ ಮಾಡಿ. ಸೆನ್ಸರಿನ ಬುಡದಲ್ಲಿ ಪುಸ್ ಎನ್ನುವ ಸದ್ದು ಕೇಳಿಸದಿದ್ದರೆ ಕೂತದ್ದು ಸರಿಯಾಗಿದೆ.

ಈಗ ಕೋಡ್ ಅಳಿಸಿ, ಮೊದಲಿನ ಅಂಕಿಗಳನ್ನೇ ಮತ್ತೆ ನೋಡಿ. ಮುಂದಿನದು ಏರಿಳಿಯುತ್ತಿದೆಯೇ, ಟ್ರಿಮ್ ಸೊನ್ನೆಯ ಹತ್ತಿರಕ್ಕೆ ಬರುತ್ತಿದೆಯೇ ಎಂದು ಗಮನಿಸಿ. ಬ್ಯಾಟರಿ ಬಿಚ್ಚಿದ್ದರಿಂದ ಇಸಿಯು ಕಲಿತದ್ದನ್ನು ಮರೆತು ಮೊದಲ ದಿನ ಐಡಲ್ ಸ್ವಲ್ಪ ಏರುಪೇರಾದರೆ ಅದು ಸಹಜ. ಕಾರು ತನ್ನ ಸ್ವಯಂ ತಪಾಸಣೆಗಳನ್ನೆಲ್ಲ ಮುಗಿಸಲು ಊರೊಳಗೆ, ಹೆದ್ದಾರಿಯಲ್ಲಿ ಒಂದಷ್ಟು ಓಡಾಟ ಬೇಕು. ಅದಾದ ಮೇಲೂ ದೀಪ ಹತ್ತದಿದ್ದರೆ ಕೆಲಸ ಮುಗಿದಂತೆ. ಎಮಿಷನ್ ಟೆಸ್ಟಿಗೆ ಹೋಗುವುದಿದ್ದರೆ ಇದಾದ ಮೇಲೆಯೇ ಹೋಗುವುದು ಒಳ್ಳೆಯದು.

ದೀಪ ಆರಿಸುವುದೇ ಗುರಿಯಲ್ಲ

ಹಿಂದಿನ ಸೆನ್ಸರಿನ ಬುಡಕ್ಕೆ ಸ್ಪೇಸರ್ ಎಂಬ ತುಂಡು ಸಿಕ್ಕಿಸಿ, ಅದನ್ನು ಹೊಗೆಯಿಂದ ದೂರ ಸರಿಸಿ, ಕನ್ವರ್ಟರ್ ಚೆನ್ನಾಗಿದೆ ಎಂದು ಕಂಪ್ಯೂಟರನ್ನು ನಂಬಿಸುವ ಕೈಚಳಕ ಕೆಲವರಿಗೆ ಗೊತ್ತು. ಕನ್ವರ್ಟರನ್ನೇ ಕಿತ್ತು ಬರಿ ಪೈಪ್ ಹಾಕಿಸಿಕೊಂಡು ಪಿಕಪ್ ಜಾಸ್ತಿಯಾಯಿತೆಂದು ಹೇಳಿಕೊಳ್ಳುವವರೂ ಇದ್ದಾರೆ. ದೀಪವೇನೋ ಆರುತ್ತದೆ, ಹೊಗೆಯ ವಿಷ ಹಾಗೇ ಉಳಿಯುತ್ತದೆ. ಅದನ್ನು ಉಸಿರಾಡುವವರು ಸಿಗ್ನಲ್ಲಿನಲ್ಲಿ ಪಕ್ಕದಲ್ಲೇ ನಿಂತ ಸ್ಕೂಟರಿನವರು, ಫುಟ್‌ಪಾತಿನ ಮೇಲೆ ತರಕಾರಿ ಮಾರುವವರು.

ವಾರಂಟಿಯಲ್ಲಿರುವ ಕಾರನ್ನು ಮುಟ್ಟಬೇಡಿ, ಸರ್ವಿಸ್ ಸೆಂಟರಿಗೆ ಕೊಡಿ. ಡೀಸೆಲ್ ಬಿಎಸ್6 ಗಾಡಿಯ ಹೊಗೆ ವ್ಯವಸ್ಥೆ ಇದಕ್ಕಿಂತ ಬಹಳ ಜಟಿಲ, ಅದೂ ಮನೆಗೆಲಸವಲ್ಲ. ಉಳಿದಂತೆ, ವಾರಂಟಿ ಮುಗಿದ ಪೆಟ್ರೋಲ್ ಕಾರಿನ ಮುಂದಿನ ಸೆನ್ಸರ್ ಬದಲಿಸುವುದು ರವಿವಾರದ ಬೆಳಗಿನ ಕೆಲಸ. ಸೆನ್ಸರಿಗೆ ಕೆಲವು ಸಾವಿರ ರೂಪಾಯಿ, ಅದು ಕೆಟ್ಟಿದ್ದನ್ನು ಕಡೆಗಣಿಸಿ ಓಡಿಸಿ ಹಾಳು ಮಾಡಿಕೊಂಡ ಕನ್ವರ್ಟರಿಗೆ ಹತ್ತಾರು ಸಾವಿರ. ಆದ್ದರಿಂದ ದೀಪ ಹತ್ತಿದರೆ ತಿಂಗಳುಗಟ್ಟಲೆ ಹಾಗೇ ಓಡಿಸಬೇಡಿ. ಪರೀಕ್ಷೆ ಮಾಡದೆ ಸೆನ್ಸರನ್ನೂ ಕೊಳ್ಳಬೇಡಿ. ನೀವೇ ಬದಲಿಸಿ, ಇಲ್ಲ ಗ್ಯಾರೇಜಿನಲ್ಲೇ ಬದಲಿಸಲಿ, ಸೆನ್ಸರ್ ಕೆಟ್ಟಿದೆ ಎಂದು ಯಾವ ಪರೀಕ್ಷೆಯಿಂದ ಗೊತ್ತಾಯಿತು ಎಂಬ ಪ್ರಶ್ನೆಯನ್ನು ದುಡ್ಡು ಬಿಚ್ಚುವ ಮೊದಲು ಕೇಳಿ.